ಆ ತುದಿಯ ಎಳೆತ

ಫೆಬ್ರವರಿ ೯

ಪ್ರೀತಿಯ ಉದ್ದಕ್ಕನಿಗೆ,

ನೀನು ಬಸ್ಸು ಹತ್ತಿದಾಗ ನಿನ್ನ ಚೀಲದ ಜಿಪ್ಪು ಅರ್ಧ ತೆರೆದೇ ಇತ್ತು. ಕೂಗಿ ಹೇಳಬೇಕು ಅನ್ನುವಷ್ಟರಲ್ಲಿ ಬಸ್ಸು ಹೊರಟುಬಿಟ್ಟಿತು. ಏನಾದರೂ ಬಿದ್ದುಹೋಯಿತಾ? ಹುಟ್ಟುವ ಮಗುವಿಗೆಂದು ಹೊಲಿದ ಬಟ್ಟೆಗಳು ಮೇಲೇ ಇದ್ದವಲ್ಲ. ಮನೆಗೆ ಬಂದು ಇವರ ಹತ್ತಿರ ಹೇಳಿದರೆ, "ಬಸ್ಸಿನ ಹಿಂದೆ ಓಡ್ಬೇಕಾಗಿತ್ತು" ಎಂದು ನಕ್ಕರು. ಊರವರ ಬೀಗವನ್ನೆಲ್ಲ ರಿಪೇರಿ ಮಾಡುವ ಮನುಷ್ಯನಿಗೆ ಒಂದು ತೆರೆದ ಜಿಪ್ಪು ಕಂಡರೆ ಏನೂ ಅನ್ನಿಸುವುದಿಲ್ಲ ನೋಡು.

"ಫೋನಲ್ಲಿ ನೀನು ಬರೀ ಅಳ್ತೀಯ. ಬರೆದು ಕಳ್ಸು ಪುಕ್ಕಲಿ, ನಿಧಾನವಾಗಿ ಓದ್ಕೋತೀನಿ" ಅಂತ ನೀನೇ ಹೇಳಿದ್ದು. ಅದಕ್ಕೇ ಬರೆಯುತ್ತಿದ್ದೇನೆ. ಶಾಲೆಗೆ ಸೇರಿ, ಬಿಟ್ಟು, ಮತ್ತೆ ಸೇರಿ, ಮತ್ತೆ ಬಿಟ್ಟವಳ ಅಕ್ಷರ. ಕೈ ಬೇರೆ ಹೀಗೆ. ಓದಲು ಆಗದಿದ್ದರೆ ಮಗಳ ಕೈಯಲ್ಲಿ ಓದಿಸಬೇಡ, ತುಂಬಿದ ಬಸುರಿ ಗಾಬರಿಯಾದಾಳು. ಹಾಗೇ ಬಿಟ್ಟುಬಿಡು.

ಲಾಂಡ್ರಿಯಲ್ಲಿ ನಿನ್ನ ಜಾಗಕ್ಕೆ ಹೊಸಬಳನ್ನು ಹಾಕಿದ್ದಾರೆ. ಬಂದಾಗಿನಿಂದ ಬಾಯಿ ಮುಚ್ಚಿಲ್ಲ, ಎಲ್ಲರೂ ಆಗಲೇ ಗಿಣಿ ಅನ್ನಲು ಶುರು ಮಾಡಿದ್ದಾರೆ. ಎತ್ತರ ನನ್ನಷ್ಟೇ. ನಿನ್ನ ಜೊತೆ ಬೆಡ್‌ಶೀಟ್ ಹಿಡಿದರೆ ನಿನ್ನ ಕಡೆಯಿಂದ ನನ್ನ ಕಡೆಗೆ ಇಳಿಜಾರು. ಇವಳ ಜೊತೆ ಹಿಡಿದರೆ ಶೀಟು ನೆಲ ಗುಡಿಸುತ್ತದೆ. ಬಿಸಿ ರೋಲರಿನಿಂದ ಶೀಟು ಹೊರಗೆ ಬಂದ ಕೂಡಲೇ ನಾವಿಬ್ಬರೂ ಎರಡೆರಡು ಮೂಲೆ ಹಿಡಿದು, ಸುಕ್ಕು ಹೋಗುವ ಹಾಗೆ ಒಮ್ಮೆ ಎಳೆದು, ಮುಂದೆ ನಡೆದು ಕೈಗೆ ಕೈ ಕೊಡುತ್ತಿದ್ದೆವಲ್ಲ, ಆ ಎಳೆತ ಇವಳಿಗೆ ಬರುವುದೇ ಇಲ್ಲ. ಮಾತಿನ ಮಧ್ಯೆ ಮೂಲೆ ಹಿಡಿದುಕೊಂಡು ನಿಂತೇ ಇರುತ್ತಾಳೆ. ನಿನ್ನ ಜೊತೆ ಮಾತೇ ಬೇಕಿರಲಿಲ್ಲ. ನೀನು ಆ ತುದಿಯಲ್ಲಿ ಎಳೆದರೆ ಸಾಕು, ಇವತ್ತು ಉದ್ದಕ್ಕನ ಮನಸ್ಸು ಸರಿಯಿಲ್ಲ ಅಂತ ಈ ತುದಿಯಲ್ಲಿ ನನಗೆ ಗೊತ್ತಾಗಿಬಿಡುತ್ತಿತ್ತು.

ಕೈ ವಿಷಯ ಕೇಳುತ್ತೀಯ ಅಂತ ಗೊತ್ತು, ಅದಕ್ಕೆ ನಾನೇ ಹೇಳುತ್ತೇನೆ. ಬೆಳಿಗ್ಗೆ ಏಳುವಾಗ ಬಲಗೈ ಮೊಣಕೈವರೆಗೆ ಬೇರೆ ಯಾರದೋ ಅನ್ನಿಸುತ್ತದೆ. ಆಮೇಲೆ ಜೋಮು ಬಿಟ್ಟು ಸೂಜಿ ಚುಚ್ಚಿದ ಹಾಗೆ. ಅಂಗಾಲಿನ ಉರಿ ಮೊದಲಿನಂತೆಯೇ ಇದೆ. ನಡುವೆ ತಲೆಗೊಂದು ಸುತ್ತು. ಕೆಲವು ದಿನ ಏನೂ ಇರುವುದಿಲ್ಲ. ಆ ದಿನ ಇನ್ನೂ ಹೆಚ್ಚು ಭಯ, ಎಲ್ಲಿ ಹೋಯಿತು, ಮೈಯಲ್ಲಿ ಎಲ್ಲಿ ಅಡಗಿ ಕೂತಿದೆ ಅಂತ.

ಸೂಪರ್‌ವೈಸರ್ ಮೇಡಂ ಮತ್ತೆ ಆ ಮಾತೆತ್ತಿದರು. "ಕೈ ಆಗಲ್ಲ ಅಂದ್ರೆ ದಿಂಬಿನ ಕವರ್ ಟೇಬಲ್‌ಗೆ ಹೋಗಮ್ಮ, ಅಲ್ಲಿ ಒಬ್ಬಳೇ ಮಡಚಬಹುದು." ಆ ಟೇಬಲ್ ನಿನಗೆ ಗೊತ್ತು. ಡ್ರೈಯರ್ ಹಿಂದೆ, ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಅಲ್ಲಿಗೆ ಹೋದವರನ್ನು ಯಾರೂ ಮಾತಾಡಿಸುವುದಿಲ್ಲ. ಅಲ್ಲಿಗೆ ಹೋದರೆ ನೀನು ವಾಪಸ್ ಬಂದಾಗ ನಿನ್ನ ಎದುರು ಬೇರೆ ಯಾರೋ ಇರುತ್ತಾರೆ. ಅದೊಂದು ಮಾತ್ರ ನನ್ನಿಂದ ಆಗುವುದಿಲ್ಲ ಅಕ್ಕ. ಹೊರಡುವ ಮುಂಚೆ ನೀನು ನನ್ನ ಪರವಾಗಿ ಮೇಡಂ ಹತ್ತಿರ ಮಾತಾಡಿದ್ದೀಯಲ್ಲ, ಅದೇ ನನಗೆ ಧೈರ್ಯ. ಏನು ಮಾತಾಡಿದೆ ಅಂತ ಮಾತ್ರ ಸರಿಯಾಗಿ ಹೇಳಲೇ ಇಲ್ಲ. ಇರಲಿ. ನೀನು ಮಾತಾಡಿದ್ದೀಯ ಅಂದಮೇಲೆ ಮುಗಿಯಿತು.

ನಿನ್ನ,
ಪುಕ್ಕಲಿ

ಮಗಳಿರುವ ರೂಮಿಗೆ ಕಿಟಕಿ ಇದೆಯಾ? ಗ್ಯಾಸ್ ಒಲೆ ಹತ್ತಿರ ಇಲ್ಲ ತಾನೇ?


ಫೆಬ್ರವರಿ ೨೧

ಏ ಪುಕ್ಕಲಿ,

ಜಿಪ್ಪಿನಿಂದ ಏನೂ ಬೀಳಲಿಲ್ಲ. ಕಿಟಕಿ ಇದೆ. ಗ್ಯಾಸ್ ಒಲೆ ಅಡುಗೆಮನೆಯಲ್ಲಿದೆ, ಎಲ್ಲರ ಮನೆಯಲ್ಲಿ ಇರುವ ಹಾಗೆ. ಇನ್ನೇನಾದರೂ ಉಳಿದಿದೆಯಾ? ನಿನ್ನ ಕಾಗದ ಓದಿ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಿನ್ನ ಫ್ರೆಂಡು ಬಂದಿದ್ರೆ ನನ್ನ ಹೆರಿಗೆ ಅವಳಿಗೇ ಆಗ್ಬಿಡ್ತಿತ್ತು" ಅಂದಳು. ಹೌದು, ಓದಿಸಿದೆ. ನನ್ನ ಕನ್ನಡಕ ಸಿಗಲಿಲ್ಲ.

ಹೆರಿಗೆಗೆ ಇನ್ನೂ ಟೈಮಿದೆ. ಅಳಿಯ ಒಳ್ಳೆಯವನು, ಆದರೆ ಕುಕ್ಕರ್ ಕೂಗಿದರೆ ಓಡಿಬಂದು ನನ್ನ ಮುಖ ನೋಡುತ್ತಾನೆ. ಇಲ್ಲಿ ಕೂತು ತಿಂದು ನನಗೇ ಮೈ ಬಂದಿದೆ. ಭುಜ ಸ್ವಲ್ಪ ಹಗುರವಾಗಿದೆ. ಶೀಟು ಹಿಡಿಯದೇ ಇದ್ದದ್ದಕ್ಕೆ ಇರಬೇಕು.

ಮೇಡಂ ಹತ್ತಿರ ಮಾತಾಡಿದ್ದೀನಿ ಅಂದೆನಲ್ಲ. ನಿನ್ನ ಒಳ್ಳೆಯದಕ್ಕೇ ಮಾತಾಡಿದ್ದೀನಿ. ಅದನ್ನೇ ಹಿಡಿದುಕೊಂಡು ತಲೆ ಕೆಡಿಸಿಕೊಳ್ಳಬೇಡ. ಊಟ ಮಾಡು, ನಿದ್ದೆ ಮಾಡು, ಕೈ ನೋಡಿಕೊಂಡು ಕೂರಬೇಡ. ನೋಡಿದಷ್ಟೂ ಜಾಸ್ತಿಯಾಗುತ್ತದೆ. ಆದರೂ ಹೇಗಿದೆ ಅಂತ ಬರಿ.

ಉದ್ದಕ್ಕ


ಮಾರ್ಚ್ ೧೫

ಪ್ರೀತಿಯ ಉದ್ದಕ್ಕನಿಗೆ,

ನರದ ಪರೀಕ್ಷೆ ಮಾಡಿಸಿಕೊಂಡು ಬಂದೆ. ಕೈಗೆ ಕರೆಂಟು ಕೊಡುತ್ತಾರೆ ಅಂತ ಗಿಣಿ ಹೇಳಿದ್ದಳು, ಅದನ್ನು ಕೇಳಿ ಹಿಂದಿನ ದಿನ ಅನ್ನ ಇಳಿಯಲಿಲ್ಲ. ಅಷ್ಟೇನೂ ಇರಲಿಲ್ಲ. ಚಿಟಿಕೆ ಹೊಡೆದ ಹಾಗೆ. ಆಮೇಲೆ ಡಾಕ್ಟರು ಕಾಗದ ನೋಡಿ, "ಎಲ್ಲ ನಾರ್ಮಲ್ ಇದೆಯಮ್ಮ, ಖುಷಿ ಪಡಿ" ಅಂದರು.

ರಕ್ತ ನಾರ್ಮಲ್, ಕತ್ತಿನ ಎಕ್ಸ್‌ರೇ ನಾರ್ಮಲ್, ತಲೆಯ ಸ್ಕ್ಯಾನ್ ನಾರ್ಮಲ್, ಈಗ ನರವೂ ನಾರ್ಮಲ್. ಬೇರೆಯವರು ಈ ಮಾತು ಕೇಳಿದರೆ ಸಿಹಿ ಹಂಚುತ್ತಾರೆ. ನನಗೆ ಮಾತ್ರ ಯಾರೋ ಬಾಗಿಲು ಹಾಕಿಕೊಂಡ ಹಾಗಾಗುತ್ತದೆ. "ಹಾಗಾದ್ರೆ ಈ ಜೋಮು ಯಾಕೆ ಡಾಕ್ಟ್ರೇ?" ಅಂದೆ. "ಕೆಲವಕ್ಕೆ ಕಾರಣ ಸಿಗಲ್ಲ" ಅಂದರು. ಬೈಯಲಿಲ್ಲ, ಪಾಪ. ಆದರೆ ನಾನು ಹೊರಗೆ ಬರುವ ಮುಂಚೆಯೇ ಮುಂದಿನವರ ಹೆಸರು ಕೂಗಿದರು.

ಇವರು ಸಮಾಧಾನಕ್ಕೆ ಏನು ಹೇಳಿದರು ಗೊತ್ತಾ? "ಬೀಗ ಸರಿ ಇದೆ, ಕೀಲಿ ಸರಿ ಇದೆ, ಬಾಗಿಲು ಮಾತ್ರ ತೆಗಿಯಲ್ಲ. ಅಂಥ ಕೇಸೂ ಬರುತ್ತೆ ನಮ್ಮಂಗಡಿಗೆ." "ಬಂದ್ರೆ ಏನ್ ಮಾಡ್ತೀರ?" ಅಂದೆ. "ಸ್ವಲ್ಪ ಎಣ್ಣೆ ಬಿಟ್ಟು ನಾಳೆ ಬಾ ಅಂತೀನಿ." ನಾನೂ ನಕ್ಕೆ. ನಗದೆ ಏನು ಮಾಡಲಿ.

ಮನೆಯಲ್ಲಿ ನನ್ನದೇ ದಾರಿ ಮಾಡಿಕೊಂಡಿದ್ದೇನೆ. ಗಾಜಿನ ಲೋಟವೆಲ್ಲ ಮೇಲಿನ ಕಪಾಟಿಗೆ ಹೋಯಿತು, ಈಗ ಸ್ಟೀಲೇ. ನಲ್ಲಿಯನ್ನು ಬೆರಳಿನಿಂದ ಅಲ್ಲ, ಮಣಿಕಟ್ಟಿನಿಂದ ತಿರುಗಿಸುತ್ತೇನೆ. ಗುಂಡಿ ಇರುವ ಬಟ್ಟೆ ಹಾಕುವುದಿಲ್ಲ. ಸಂಜೆ ಬಂದು ಕಾಲನ್ನು ಬಕೆಟ್ ನೀರಿನಲ್ಲಿಟ್ಟುಕೊಂಡೇ ತರಕಾರಿ ಹೆಚ್ಚುತ್ತೇನೆ. ಬಲಗೈ ಬಿಸಿ ಗುರುತು ಹಿಡಿಯುವುದಿಲ್ಲ, ಅದಕ್ಕೆ ಪಾತ್ರೆಯನ್ನು ಎಡಗೈಯಿಂದ ಮುಟ್ಟಿ ನೋಡುತ್ತೇನೆ. ಇದೆಲ್ಲ ನಿನಗೆ ಬಿಟ್ಟು ಬೇರೆಯವರಿಗೆ ಹೇಳಿದರೆ ಹುಚ್ಚಿ ಅಂದಾರು.

ಮೊನ್ನೆ ಒಂದು ತಮಾಷೆ ಆಯಿತು. ಬೆಳಿಗ್ಗೆಯಿಂದ ಕೈ ಪೂರ್ತಿ ಮರಗಟ್ಟಿತ್ತು. ಹೇಗೋ ಶೀಟು ಹಿಡಿದು ಎಳೆದೆ. ಗಿಣಿ ಮಾತಾಡುತ್ತಿದ್ದವಳು ಮುಗ್ಗರಿಸಿಕೊಂಡು ಬಂದು ನನ್ನ ಎದೆಗೇ ಡಿಕ್ಕಿ ಹೊಡೆದಳು. "ಅಯ್ಯೋ ಅಕ್ಕಾ, ಎತ್ತಿನ ಹಾಗೆ ಎಳೀತೀರಲ್ಲ, ಯಾರು ನಿಮಗೆ ಕೈ ನೋವು ಅಂದಿದ್ದು!" ಅಂತ ಕಿರುಚಿದಳು. ಎಲ್ಲರೂ ತಿರುಗಿ ನೋಡಿ ನಕ್ಕರು. ಮೇಡಂ ಮಾತ್ರ ನಗಲಿಲ್ಲ, ನೋಡುತ್ತಾ ನಿಂತಿದ್ದರು.

ಅವರು ಯಾಕೆ ನಗಲಿಲ್ಲ ಅಕ್ಕ?

ನಿನ್ನ,
ಪುಕ್ಕಲಿ


ಏಪ್ರಿಲ್ ೨

ಉದ್ದಕ್ಕ,

ಹೆಣ್ಣು ಮಗು ಅಂತ ಅಳಿಯಂದಿರು ಫೋನ್ ಮಾಡಿದ್ದರು. ತಾಯಿ, ಮಗು ಇಬ್ಬರೂ ಚೆನ್ನಾಗಿರಲಿ. ಮಗುವಿನ ತಲೆಗೆ ಗಾಳಿ ತಾಗದ ಹಾಗೆ ನೋಡಿಕೋ. ಬೇರೆ ಹೊತ್ತಿನಲ್ಲಾಗಿದ್ದರೆ ಇದರ ಬಗ್ಗೆಯೇ ಪುಟಗಟ್ಟಲೆ ಬರೆಯುತ್ತಿದ್ದೆ.

ಸೋಮವಾರ ಮೇಡಂ ನನ್ನನ್ನು ಲಾಂಡ್ರಿಯ ಡಾಕ್ಟರ ಹತ್ತಿರ ಕಳಿಸಿದರು. ನಾನು ಶೀಟಿನ ಕೆಲಸದಲ್ಲೇ ಇರಬೇಕಾ ಬೇಡವಾ ಅಂತ ಅವರೇ ಬರೆದುಕೊಡಬೇಕಂತೆ. ಡಾಕ್ಟರು ಸಣ್ಣ ವಯಸ್ಸಿನವರು. ನನ್ನ ಕೈ ಹಿಡಿದು, "ಒತ್ತಿ" ಅಂದರು, ಒತ್ತಿದೆ. "ಇನ್ನೂ" ಅಂದರು, ಒತ್ತಿದೆ. ಆಮೇಲೆ ಕುರ್ಚಿಗೆ ಒರಗಿಕೊಂಡು, ಮಗುವನ್ನು ಮಾತಾಡಿಸುವ ಹಾಗೆ ಹೇಳಿದರು: "ಮನಸ್ಸು ಹಗುರವಾಗಿದ್ದ ದಿನ ಎಳೆತ ಚೆನ್ನಾಗಿ ಗಟ್ಟಿ ಇರುತ್ತಂತಲ್ಲ ನಿಮ್ಮದು?"

ಕೊಟ್ಟ ಕೈ ಹಿಂದಕ್ಕೆ ತಗೊಂಡು, ಚೀಲ ಎತ್ತಿಕೊಂಡು ಹೊರಗೆ ಬಂದುಬಿಟ್ಟೆ.

ಬಸ್ಸಿನಲ್ಲಿ ಬರುವಾಗ ಆ ಮಾತನ್ನೇ ತಿರುಗಿಸಿ ತಿರುಗಿಸಿ ನೋಡಿದೆ. ಎಳೆತ. ಡಾಕ್ಟರಿಗೆ ಆ ಮಾತು ಎಲ್ಲಿಂದ ಬಂತು? ಮೇಡಂ ದೂರದಿಂದ ನೋಡಿದರೆ ಇಬ್ಬರು ಹೆಂಗಸರು ಶೀಟು ಹಿಡಿದಿರುವುದು ಕಾಣುತ್ತದೆ, ಅಷ್ಟೇ. ಗಟ್ಟಿ ಎಳೆದರಾ, ಮೆತ್ತಗೆ ಎಳೆದರಾ ಅಂತ ಕಣ್ಣಿಗೆ ಕಾಣುವುದಿಲ್ಲ. ಅದು ಗೊತ್ತಾಗುವುದು ಆ ತುದಿ ಹಿಡಿದವರಿಗೆ ಮಾತ್ರ. ಗಿಣಿ ಇರಬಹುದು ಅಂದುಕೊಂಡೆ. ಎಷ್ಟು ಆಸೆಯಿಂದ ಅಂದುಕೊಂಡೆ ಗೊತ್ತಾ, ಅವಳೇ ಆಗಿರಲಿ ಅಂತ. ಆದರೆ ಅವಳು ಬಂದದ್ದು ನಿನ್ನೆ ಮೊನ್ನೆ. ನನ್ನ ಮನಸ್ಸು ಹಗುರವಾಗಿದೆಯಾ ಭಾರವಾಗಿದೆಯಾ ಅಂತ ಅವಳಿಗೇನು ಗೊತ್ತು? ಹಗುರವಾಗಿದ್ದ ದಿನ ಯಾವುದು ಅಂತ ತಿಳಿದವರು, ಆ ದಿನ ಆ ತುದಿಯಲ್ಲಿ ನಿಂತವರು ಒಬ್ಬರೇ.

ನಾನು ಪುಕ್ಕಲಿ, ಇಲ್ಲದ್ದನ್ನೆಲ್ಲ ಕಲ್ಪಿಸಿಕೊಳ್ಳುತ್ತೇನೆ. ನೀನೇ ಎಷ್ಟೋ ಸಲ ಹೇಳಿದ್ದೀಯ. ಇದೂ ಹಾಗೇ ಇರಲಿ. ನೀನು ಅಲ್ಲ ಅಂತ ಒಂದು ಸಾಲು ಬರಿ. ನಾನು ನಂಬುತ್ತೇನೆ. ಬೇರೆ ಏನೂ ಬರೆಯದಿದ್ದರೂ ಪರವಾಗಿಲ್ಲ.

ಪುಕ್ಕಲಿ


ಏಪ್ರಿಲ್ ೧೯

ಪುಕ್ಕಲಿ,

ಮಗು ಹಗಲೆಲ್ಲ ಮಲಗುತ್ತದೆ, ಕತ್ತಲಾದರೆ ಕಣ್ಣು ಬಿಡುತ್ತದೆ. ನನಗೆ ಬರೆಯಲು ಕೂರುವುದಕ್ಕೇ ಆಗಿಲ್ಲ. ಮೂಗು ನನ್ನ ಮಗಳದ್ದು, ಹಟ ಯಾರದ್ದೋ ಗೊತ್ತಿಲ್ಲ. ನಿನ್ನ ಮಾತಿನಂತೆ ತಲೆಗೆ ಟೋಪಿ ಹಾಕಿದ್ದೀವಿ, ಒದ್ದಾಡಿ ಒದ್ದಾಡಿ ಜಾರಿಸಿಬಿಡುತ್ತದೆ. ಅಳಿಯ ಒಂದು ತೊಟ್ಟಿಲು ತಂದಿದ್ದಾನೆ, ಅದರ ಒಂದು ಕಾಲು ಗಿಡ್ಡ. ಅದರ ಕೆಳಗೆ ರಟ್ಟು ಇಟ್ಟು ಇಟ್ಟು ಸಾಕಾಯಿತು.

ಡಾಕ್ಟರು ಏನೇನೋ ಕೇಳುತ್ತಾರೆ, ಅದು ಅವರ ಕೆಲಸ. ಪ್ರತಿ ಮಾತಿಗೂ ಬೇರು ಹುಡುಕುತ್ತಾ ಹೋದರೆ ನೀನು ನೆಲದೊಳಗೇ ಇಳಿದುಹೋಗುತ್ತೀಯ. ಅವರು ಮಾತ್ರೆ ಏನಾದರೂ ಕೊಟ್ಟರಾ?

ಬೇಗ ಬರುತ್ತೇನೆ. ಬಂದ ಮೇಲೆ ಕೂತು ಮಾತಾಡೋಣ.

ಉದ್ದಕ್ಕ


ಏಪ್ರಿಲ್ ೨೪

ಅಕ್ಕನವರಿಗೆ,

ನಿಮ್ಮ ಕಾಗದ ಬಂತು. ತೊಟ್ಟಿಲಿನ ಕಾಲಿನ ಬಗ್ಗೆ ಬರೆದಿದ್ದೀರಿ. ನಾನು ಕೇಳಿದ ಒಂದು ಸಾಲು ಹುಡುಕಿದೆ. ಹಿಂದುಗಡೆಯೂ ತಿರುಗಿಸಿ ನೋಡಿದೆ.

ಇಲ್ಲಿ ಆದದ್ದನ್ನು ಹೇಳಿಬಿಡುತ್ತೇನೆ. ಡಾಕ್ಟರ ಆ ಮಾತು ಕೇಳಿದ ಮೇಲೆ ನನಗೆ ಎಳೆಯುವುದಕ್ಕೇ ಹೆದರಿಕೆ ಶುರುವಾಯಿತು. ಗಟ್ಟಿ ಎಳೆದರೆ, "ನೋಡಿ, ಕೈ ಚೆನ್ನಾಗೇ ಇದೆ" ಅನ್ನುತ್ತಾರೆ. ಅದಕ್ಕೆ ಮೆತ್ತಗೆ ಎಳೆಯಲು ನೋಡಿದೆ. ಮೆತ್ತಗೆ ಹಿಡಿದರೆ ಹಿಡಿದಿದ್ದೀನೋ ಬಿಟ್ಟಿದ್ದೀನೋ ಅಂತಲೇ ತಿಳಿಯಲಿಲ್ಲ. ಮೂಲೆ ಜಾರಿ ಬಿತ್ತು. ಆಸ್ಪತ್ರೆಗೆ ಹೋಗಬೇಕಾದ ಶೀಟು, ಒಗೆದು ಇಸ್ತ್ರಿಯಾದದ್ದು, ನೆಲದ ಮೇಲೆ. ಮತ್ತೆ ಒಗೆಯಲು ಹಾಕಬೇಕಾಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಬಿತ್ತು. ಮೂರನೆಯದು ಬಿದ್ದಾಗ ಮೇಡಂ ರೋಲರ್ ನಿಲ್ಲಿಸಿ, ಎಲ್ಲರ ಎದುರು ಹೇಳಿದರು:

"ಬೇಕೂ ಅಂತ ಬಿಡ್ತಿದ್ದೀಯಲ್ಲ? ನಿನ್ನ ಉದ್ದಕ್ಕ ಹೋಗೋ ಮುಂಚೆನೇ ಹೇಳಿದ್ಲು. ಕೈಯಲ್ಲಿ ಏನೂ ಇಲ್ಲ ಮೇಡಂ, ಬೇಕಾದಾಗ ನನ್ನನ್ನೇ ಎಳೆದು ಬೀಳಿಸೋ ಹಾಗೆ ಎಳೀತಾಳೆ, ಬೇಡದಾಗ ಸೋತ್ಹೋಗ್ತಾಳೆ ಅಂತ. ನಾನು ನಂಬಿರಲಿಲ್ಲ. ನಿನ್ನ ಕಡೆಯವಳೇ ಹೇಳಿದ ಮೇಲೆ ನಾನೇನು ಮಾಡ್ಲಿ?"

ರೋಲರ್ ನಿಂತಿದ್ದರಿಂದ ಆ ಮಾತು ಡ್ರೈಯರ್ ಹಿಂದಿನವರಿಗೂ ಕೇಳಿಸಿತು. ಗಿಣಿ ಬಿದ್ದ ಶೀಟು ಎತ್ತಿಕೊಂಡು ಒಗೆಯುವ ಕಡೆ ಹೋದಳು.

ನೀವು ಮೇಡಂಗೆ ಹೇಳಿದ್ದಕ್ಕಿಂತ ನನಗೆ ಬೇರೆ ಒಂದು ಚುಚ್ಚುತ್ತಿದೆ. ಪ್ರತಿ ದಿನ ಬೆಳಿಗ್ಗೆ ಬಟ್ಟೆ ಬದಲಾಯಿಸುವ ರೂಮಿನಲ್ಲಿ ನನ್ನ ಕೈ ಹಿಡಿದು, "ಹೇಗಿದೆ ಇವತ್ತು?" ಅಂತ ಕೇಳುತ್ತಿದ್ದಿರಿ. ನಾನು ಉದ್ದಕ್ಕೆ ಹೇಳುತ್ತಿದ್ದೆ. ನೀವು ಹೂಂ, ಹೂಂ ಅನ್ನುತ್ತಿದ್ದಿರಿ. ನಂಬದೇ ಕೇಳುತ್ತಿದ್ದಿರಾ? ಎಂದಿನಿಂದ? ಹೋದ ಚಳಿಗಾಲದಿಂದಲಾ, ಅದಕ್ಕೂ ಮುಂಚೆಯಾ? ಈಗ ನಾನು ಕೂತು ಒಂದೊಂದು ಹೂಂ ಅನ್ನೂ ನೆನಪು ಮಾಡಿಕೊಳ್ಳುತ್ತಿದ್ದೇನೆ, ಇದು ನಿಜದ್ದಾ, ಇದು ಸುಳ್ಳಾ ಅಂತ.

ಡಾಕ್ಟರುಗಳು ನಂಬದಿದ್ದಾಗ ಮನೆಗೆ ಬಂದು ಅಳುತ್ತಿರಲಿಲ್ಲ. ಉದ್ದಕ್ಕನಿಗೆ ಗೊತ್ತಲ್ಲ, ಸಾಕು ಅಂದುಕೊಳ್ಳುತ್ತಿದ್ದೆ.

ಇಂತಿ


ಮೇ ೧೧

ಪುಕ್ಕಲಿ,

ಇಂತಿ ಅಂತ ಬರೆದು ಹೆಸರೇ ಹಾಕಿಲ್ಲ. ನೀವು, ನಿಮ್ಮ ಅಂತ ಬೇರೆ ಬರೆದಿದ್ದೀಯ. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಹೌದು, ಹೇಳಿದೆ. ಇಲ್ಲ ಅನ್ನಲು ನೋಡಿದೆ, ಕೈ ಬರಲಿಲ್ಲ. ಅದಕ್ಕೇ ತೊಟ್ಟಿಲ ಕಥೆ ಬರೆದೆ.

ನನ್ನ ಮಾತೂ ಒಮ್ಮೆ ಕೇಳು. ನಿನ್ನ ಕೈ ಹೀಗಾದಾಗಿನಿಂದ ಒದ್ದೆ ಬಟ್ಟೆಯ ಗಾಡಿ ಯಾರು ತಳ್ಳಿದ್ದು? ಶೀಟಿನ ಭಾರವೆಲ್ಲ ಯಾರ ಭುಜಕ್ಕೆ ಬಂತು? ನನ್ನ ಬಲಭುಜ ಎತ್ತಲು ಆಗುತ್ತಿರಲಿಲ್ಲ, ಪಕ್ಕದ ಮನೆಯವಳ ಹತ್ತಿರ ತಲೆ ಬಾಚಿಸಿಕೊಂಡು ಬರುತ್ತಿದ್ದೆ. ನಿನಗೆ ಹೇಳಿದೆ. ನೀನು, "ಅಯ್ಯೋ, ಎಣ್ಣೆ ಹಚ್ಚು ಅಕ್ಕ" ಅಂದು, ಮರುಕ್ಷಣ ನಿನ್ನ ಅಂಗಾಲಿನ ಉರಿಗೆ ಬಂದೆ. ನಿನ್ನ ಕಾಯಿಲೆಗೆ ಹೆಸರಿಲ್ಲ ಅಂತ ಊರಿಗೆಲ್ಲ ಗೊತ್ತು. ನನ್ನ ಭುಜಕ್ಕೆ ಹೆಸರಿತ್ತು, ಯಾರೂ ಕೇಳಲಿಲ್ಲ.

ಆದರೂ ನಾನು ಹೊತ್ತುಕೊಂಡೇ ಇದ್ದೆ. ಹೊತ್ತುಕೊಂಡಿದ್ದು ನಿನ್ನನ್ನು ನಂಬಿ. ಆಮೇಲೆ, ಮಗಳು ಬಸುರಿ ಅಂತ ಸುದ್ದಿ ಬಂದ ದಿನ, ಜ್ಞಾಪಕ ಇದೆಯಾ? ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಆ ದಿನ ನೀನು ಶೀಟು ಎಳೆದಾಗ ನನ್ನ ಭುಜ ಕಿತ್ತುಬಂದ ಹಾಗಾಯಿತು. ಕಣ್ಣಲ್ಲಿ ನೀರು ಬಂತು. ನೀನು ಅದು ಸಂತೋಷದ್ದು ಅಂದುಕೊಂಡೆ. ಅವತ್ತೇ ಸಂಜೆ, "ಅಕ್ಕ, ಇವತ್ತು ಕೈಯಲ್ಲಿ ಒಂದು ಚೂರೂ ಶಕ್ತಿ ಇಲ್ಲ" ಅಂದೆ. ಅಲ್ಲಿಗೆ ನನ್ನೊಳಗೆ ಏನೋ ಮುರಿಯಿತು. ಆಮೇಲೆ ನಾನು ಗಮನ ಇಟ್ಟೆ. ಶಕ್ತಿ ಇಲ್ಲ ಅಂದ ದಿನಗಳಲ್ಲೇ ನಿನ್ನ ಎಳೆತ ಜೋರು. ನಿನ್ನ ಬಾಯಿ ಒಂದು ಹೇಳುತ್ತಿತ್ತು, ಶೀಟು ಇನ್ನೊಂದು ಹೇಳುತ್ತಿತ್ತು. ಇಷ್ಟು ವರ್ಷ ಶೀಟು ನನಗೆ ಸುಳ್ಳು ಹೇಳಿರಲಿಲ್ಲ.

ಮೇಡಂಗೆ ಹೇಳಿದ್ದು ನಿನ್ನನ್ನು ಓಡಿಸುವುದಕ್ಕಲ್ಲ. ಕಾಯಿಲೆ ಕೈಯಲ್ಲಿಲ್ಲ, ಭಯದಲ್ಲಿದೆ, ಅದಕ್ಕೆ ತಕ್ಕ ಔಷಧಿ ಕೊಡಲಿ ಅಂತ. ಸ್ವಲ್ಪ ಸಿಟ್ಟೂ ಇತ್ತು. ಇರಲಿಲ್ಲ ಅನ್ನುವುದಿಲ್ಲ.

ಮುಂದಿನ ತಿಂಗಳ ಕೊನೆಗೆ ಬರುತ್ತೇನೆ. ಮೇಡಂಗೆ ಫೋನ್ ಮಾಡಿ, ನನ್ನನ್ನು ನಿನ್ನ ಜೊತೆಗೇ ಹಾಕಿ ಅಂತ ಕೇಳಿಕೊಂಡಿದ್ದೇನೆ. "ಅವಳು ಒಪ್ಪಿದ್ರೆ ಆಗ್ಲಿ" ಅಂದರು. ಆದದ್ದನ್ನು ಹೊಟ್ಟೆಗೆ ಹಾಕಿಕೋ. ಒಪ್ಪಿಕೋ.

ನಿನ್ನ,
ಉದ್ದಕ್ಕ


ಜೂನ್ ೬

ಉದ್ದಕ್ಕ,

ಮತ್ತೆ ನೀನು ಅಂತಲೇ ಬರೆಯುತ್ತಿದ್ದೇನೆ. ನೀವು ಅಂತ ಬರೆಯುವಾಗ ಪ್ರತಿ ಸಾಲಿಗೂ ಪೆನ್ನು ನಿಂತು ಯೋಚನೆ ಮಾಡುತ್ತಿತ್ತು. ನನಗೆ ನಾಟಕ ಬರುವುದಿಲ್ಲ. ಅದನ್ನೇ ನೀನು ನಂಬಲಿಲ್ಲ.

ನಿನ್ನ ಭುಜದ ವಿಷಯ ಓದಿ ನಾಚಿಕೆಯಾಯಿತು. ನೀನು ಹೇಳಿದ್ದು ನಿಜ, ನಾನು ಸರಿಯಾಗಿ ಕೇಳಲಿಲ್ಲ. ಕಾಯಿಲೆ ಬಂದ ಮೇಲೆ ನನ್ನ ಕಿವಿ ನನ್ನ ಮೈಯೊಳಗೇ ಇರುತ್ತದೆ. ಅದಕ್ಕೆ ನೀನು ನನಗೆ ಮುಖಕ್ಕೇ ಬೈಯಬಹುದಿತ್ತು. ಬೈಸಿಕೊಂಡು, ಅತ್ತು, ಗಾಡಿ ನಾನೇ ತಳ್ಳುತ್ತಿದ್ದೆ.

ಈಗ ಕೇಳು. ಹೋದ ವಾರ ಬೆಳಿಗ್ಗೆಯಿಂದ ಕೈ ಮರಗಟ್ಟಿತ್ತು, ತುಂಬ ಕೆಟ್ಟ ದಿನ. ಸಂಜೆ ಮನೆಗೆ ಬಂದು ಬೀಗ ತೆಗೆಯಲು ಹೋದೆ. ಕೀಲಿ ಕಟಕ್ಕೆಂದು ಬೀಗದೊಳಗೇ ಮುರಿಯಿತು. ಇವರು ಅಂಗಡಿಯಿಂದ ಓಡಿಬಂದರು. ಬೈಯುತ್ತಾರೆ ಅಂದುಕೊಂಡೆ. ಮುರಿದ ತುಂಡನ್ನು ಚಿಮಟದಿಂದ ತೆಗೆದು, ಬೆಳಕಿಗೆ ಹಿಡಿದು ನೋಡಿ, ನನ್ನ ಕೈ ಹಿಡಿದುಕೊಂಡರು.

"ತಿರುಗಿಸಿದ್ದು ಗೊತ್ತಾಯ್ತಾ ನಿಂಗೆ?"

"ಇಲ್ಲ. ತಿರುಗ್ಲಿಲ್ಲ ಅಂದ್ಕೊಂಡು ಇನ್ನೂ ತಿರುಗಿಸ್ದೆ."

"ಹೂಂ. ಚಳೀಲಿ ಕೈ ಮರಗಟ್ಟಿದಾಗ ನಾನೂ ಹೀಗೇ ಮುರ್ದಿದ್ದೀನಿ. ಬೆರಳಿಗೆ ಏನೂ ತಿಳಿಯಲ್ಲ, ಅದಕ್ಕೆ ಮನುಷ್ಯ ಜೋರು ಮಾಡ್ತಾನೆ. ಕೈಗೆ ಸ್ಪರ್ಶ ಇದ್ದಿದ್ರೆ ಇಷ್ಟು ಜೋರು ಮಾಡ್ತಾನೇ ಇರ್ಲಿಲ್ಲ ನೀನು."

ನಾನು ಹೊಸ್ತಿಲ ಮೇಲೇ ಕೂತುಬಿಟ್ಟೆ. ಗಿಣಿ ಮುಗ್ಗರಿಸಿದ ದಿನ, ನಿನ್ನ ಭುಜ ಕಿತ್ತುಬಂದ ದಿನ, ಎಲ್ಲ ಕಣ್ಣ ಮುಂದೆ ಬಂತು. ನನಗೇ ಗೊತ್ತಿರಲಿಲ್ಲ ಅಕ್ಕ. ನಾನು ಜೋರಾಗಿ ಎಳೆಯುತ್ತಿದ್ದೇನೆ ಅಂತಲೇ ನನಗೆ ಗೊತ್ತಾಗುತ್ತಿರಲಿಲ್ಲ. ಶೀಟು ಬಿದ್ದುಹೋದೀತು ಅನ್ನುವ ಭಯ, ಅಷ್ಟೇ. ಕೈಗೆ ಸ್ಪರ್ಶವೇ ಇಲ್ಲದ ದಿನವೇ ನನ್ನ ಎಳೆತ ಜೋರು. ನೀನು ಅಳೆದದ್ದು ಸರಿಯಾಗಿಯೇ ಇತ್ತು. ಶೀಟು ನಿನಗೆ ಸುಳ್ಳು ಹೇಳಲಿಲ್ಲ. ಅದು ನಿಜವನ್ನೇ ಹೇಳಿತು, ಅದರ ಅರ್ಥ ಏನು ಅಂತ ನೀನು ನನ್ನನ್ನು ಕೇಳಬೇಕಿತ್ತು. "ಯಾಕೆ ಹೀಗೆ ಎಳೀತೀಯೇ?" ಅಂತ ಆ ತುದಿಯಿಂದ ಒಂದು ಮಾತು. ಇಬ್ಬರೂ ಸೇರಿ ಆವತ್ತೇ ಕಂಡುಹಿಡಿಯುತ್ತಿದ್ದೆವೇನೋ. ನೀನು ಕೇಳಲಿಲ್ಲ, ಗಮನ ಇಟ್ಟೆ. ನನ್ನ ಬೆರಳು ಹಿಡಿದುಕೊಂಡೇ ಗಮನ ಇಟ್ಟೆ.

ಇದನ್ನು ಮೇಡಂಗೆ ಹೇಳಿದೆ. "ಕೇಳೋಕೆ ಸರಿ ಅನ್ಸುತ್ತಮ್ಮ, ಆದ್ರೆ ಡಾಕ್ಟ್ರು ಬರೆದುಕೊಟ್ಟಾಯ್ತಲ್ಲ" ಅಂದರು. ನಾರ್ಮಲ್ ಅಂತ ಬರೆದ ಮೇಲೆ ನಾನು ಏನು ಹೇಳಿದರೂ ಕಥೆ. ಜೋಮು ಯಾಕೆ ಬರುತ್ತದೆ ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಮುಂದಕ್ಕೂ ಗೊತ್ತಾಗದೇ ಇರಬಹುದು. ಅದಕ್ಕೆ ಹೊಂದಿಕೊಳ್ಳುತ್ತಿದ್ದೆ, ಸ್ಟೀಲ್ ಲೋಟ, ಬಕೆಟ್ ನೀರು ಅಂತ. ಈಗ ಹೊಸದೊಂದು ಸೇರಿಕೊಂಡಿದೆ. ಮೊನ್ನೆ ಬೆಳಿಗ್ಗೆ ಎದ್ದಾಗ ಕೈ ಪೂರ್ತಿ ನನ್ನದಾಗಿತ್ತು. ಎಷ್ಟೋ ವಾರದ ಮೇಲೆ. ಜಡೆ ನಾನೇ ಹೆಣೆದುಕೊಂಡೆ. ಲಾಂಡ್ರಿಗೆ ಕಾಲಿಟ್ಟ ಕೂಡಲೇ ಆ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡೆ, ಕದ್ದ ಮಾಲಿನ ಹಾಗೆ. ಯಾರಾದರೂ ನೋಡಿ, "ಇವತ್ತು ಚೆನ್ನಾಗಿದೆಯಲ್ಲ!" ಅಂದುಬಿಟ್ಟರೆ? ಕೆಲಸದ ಮಧ್ಯೆ ಬಿಡುವಾದಾಗಲೆಲ್ಲ ಹಾಗೇ ಬಚ್ಚಿಟ್ಟುಕೊಂಡಿದ್ದೆ. ಸಂಜೆಗೆ ಕೈ ಮತ್ತೆ ಹೋಯಿತು. ಕೆಟ್ಟ ದಿನಗಳನ್ನು ಕಾಯಿಲೆ ತಗೊಂಡಿದೆ, ಅದು ಯಾರ ತಪ್ಪೂ ಅಲ್ಲ. ಒಳ್ಳೆಯ ದಿನಗಳು ನನಗೆ ಉಳಿದಿದ್ದವು. ಅವನ್ನು ತಗೊಂಡವಳು ನೀನು.

ಹೊಟ್ಟೆಗೆ ಹಾಕಿಕೋ ಅಂದೆ. ಪ್ರಯತ್ನ ಮಾಡಿದೆ. ನೀನು ಬಂದು ಆ ತುದಿ ಹಿಡಿಯುತ್ತೀಯ, ನಾನು ಈ ತುದಿ. ನಾನು ಎಳೆದಾಗಲೆಲ್ಲ ನೀನು ಅಳೆಯುತ್ತೀಯ. ಅಳೆಯುವುದಿಲ್ಲ ಅಂತ ಆಣೆ ಇಟ್ಟರೂ ನಿನ್ನ ಕೈ ಅಳೆಯುತ್ತದೆ. ನಾನು ಈ ತುದಿಯಲ್ಲಿ ನಿಂತು, ಅಳೆಯುತ್ತಿದ್ದಾಳೆ ಅಂತ ಲೆಕ್ಕ ಹಾಕುತ್ತೇನೆ. ಅದು ಶೀಟು ಮಡಚುವುದಲ್ಲ.

ಹಾಗಾಗಿ ಮೇಡಂಗೆ ನಾನೇ ಕೇಳಿಕೊಂಡೆ. ಸೋಮವಾರದಿಂದ ದಿಂಬಿನ ಕವರ್ ಟೇಬಲ್‌ನಲ್ಲಿದ್ದೇನೆ. ಯಾರೂ ಕಳಿಸಲಿಲ್ಲ, ನಾನೇ ನಡೆದುಕೊಂಡು ಹೋದೆ. ಗಿಣಿ ಅತ್ತಳು. ನಿನಗೆ ಅವಳನ್ನು ಜೋಡಿ ಮಾಡುತ್ತಾರೆ. ಅವಳಿಗೆ ಎಳೆಯಲು ಕಲಿಸು, ಮಾತಿನ ಮಧ್ಯೆ ನಿಂತುಬಿಡುತ್ತಾಳೆ. ಭುಜಕ್ಕೆ ಹೆಚ್ಚು ಭಾರ ಹಾಕಿಕೊಳ್ಳಬೇಡ. ಹೊರಡುವಾಗ ಚೀಲದ ಜಿಪ್ಪು ಹಾಕಿಕೊಂಡೆಯಾ ಅಂತ ಮಗಳ ಹತ್ತಿರ ನೋಡಿಸು. ಬೆಳಿಗ್ಗೆ ಬಟ್ಟೆ ಬದಲಾಯಿಸುವ ರೂಮಿನಲ್ಲಿ ಸಿಕ್ಕರೆ ಮಗು ಹೇಗಿದೆ ಅಂತ ಕೇಳುತ್ತೇನೆ. ನನ್ನ ಕೈ ಹೇಗಿದೆ ಅಂತ ನೀನು ಕೇಳಬೇಡ.

ಇಲ್ಲಿ ಪರವಾಗಿಲ್ಲ. ಗೋಡೆ ಕಡೆ ಮುಖ, ಬೆನ್ನಿಗೆ ಡ್ರೈಯರಿನ ಬಿಸಿ. ಕವರ್ ಸಣ್ಣದು. ಗಟ್ಟಿ ಹಿಡಿದರೂ, ಮೆತ್ತಗೆ ಹಿಡಿದರೂ, ಬಿದ್ದರೂ ಆ ಕಡೆ ಯಾರಿಗೂ ತಿಳಿಯುವುದಿಲ್ಲ. ಒಂದೇ ತೊಂದರೆ. ಕೊನೆಯ ಮಡಿಕೆ ಆದ ಕೂಡಲೇ ನನ್ನ ಕಾಲು ತಾನಾಗಿ ಮುಂದೆ ಹೋಗುತ್ತದೆ, ಎರಡೂ ಕೈ ಮೂಲೆ ಕೊಡಲು ಚಾಚಿಕೊಳ್ಳುತ್ತವೆ. ಟೇಬಲ್ಲಿನ ಅಂಚು ಹೊಟ್ಟೆಗೆ ತಾಗುತ್ತದೆ. ಆಗ ನಿಲ್ಲುತ್ತೇನೆ.

ಪುಕ್ಕಲಿ